ಮೂರು ಸಾಲು ಹುಟ್ಟು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವವನಿಗೆ ನೀರಿನ ಬಗ್ಗೆ ಗೊತ್ತಿರಬೇಕಾದ ಸಂಗತಿ ಒಂದೇ: ಅದು ಬಂದಿಲ್ಲ. ಯಾಕೆ ಬಂದಿಲ್ಲ, ಯಾವಾಗ ಬರುತ್ತದೆ ಎಂಬುದೆಲ್ಲ ಬೇರೆ ವಿಭಾಗಗಳಿಗೆ ಸೇರಿದ ವಿಚಾರ. ಅದರಲ್ಲಿ ತಲೆ ಹಾಕುವುದು ಅಧಿಕಪ್ರಸಂಗ. ನಮ್ಮ ಕಥಾನಾಯಕ ಈ ಶಿಸ್ತನ್ನು ಇಡೀ ಸರ್ವಿಸ್ಸಿನಲ್ಲಿ ಒಮ್ಮೆಯೂ ಮುರಿದವನಲ್ಲ. ಕಿಟಕಿಯಾಚೆ ನಿಂತವರು ಕಿರುಚಲಿ, ಅಳಲಿ, ಅವನು ತಲೆಯನ್ನು ಒಂದು ಕಡೆ ವಾಲಿಸಿ "ನೋಡೋಣಪ್ಪ" ಎನ್ನುತ್ತಿದ್ದ. ಅವನ ನಿಜವಾದ ಹೆಸರು ಕಿಟಕಿಯ ಮೇಲಿನ ಫಲಕದಲ್ಲಿತ್ತು. ಅದನ್ನು ಓದುವಷ್ಟು ಸಮಾಧಾನ ನೀರಿಲ್ಲದವರಿಗೆ ಎಲ್ಲಿಂದ ಬರಬೇಕು? ಜನ ಅವನನ್ನು ನೋಡೋಣಪ್ಪ ಎಂದೇ ಕರೆದರು. ಆಮೇಲೆ ಕಚೇರಿಯವರೂ ಕರೆದರು. ಕೊನೆಗೆ ಅವನೇ ಫೋನಿನಲ್ಲಿ "ನಾನು ನೋಡೋಣಪ್ಪ ಮಾತಾಡ್ತಿರೋದು" ಎನ್ನತೊಡಗಿದ.

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡವಳು ಅವನ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ. ಆಸ್ಪತ್ರೆಗಳನ್ನೆಲ್ಲ ಸುತ್ತಿ, ಡಾಕ್ಟರುಗಳೆಲ್ಲ ಕೈ ಚೆಲ್ಲಿದ ಮೇಲೆ ಅವಳು, ಒಂದು ಮಗುವನ್ನು ದತ್ತು ತೆಗೆದುಕೊಳ್ಳೋಣವೇ ಎಂದು ಕೇಳಿದ್ದಳು. ನೋಡೋಣ ಎಂದ. ಮರುವರ್ಷ ಕೇಳಿದಳು. ಅದರ ಮರುವರ್ಷವೂ ಕೇಳಿದಳು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಹೂಂ ಎಂದಿದ್ದರೆ ಹೊರಡಬಹುದಿತ್ತು. ನೋಡೋಣ ಎಂಬುದನ್ನು ಇಟ್ಟುಕೊಂಡು ಏನು ಮಾಡಲಿಕ್ಕೆ ಬರುತ್ತದೆ? ಅವಳು ಕೇಳುವುದನ್ನು ಬಿಟ್ಟಳು, ಆಸೆಯನ್ನು ಬಿಟ್ಟಿರಲಿಲ್ಲ. ಮನೆಯ ಸಣ್ಣ ಕೋಣೆಯಲ್ಲಿ ಹಳೆಯ ಪೇಪರು, ಮುರಿದ ಕುರ್ಚಿ, ಕೆಟ್ಟ ಮಿಕ್ಸಿ ತುಂಬಿಸಿ ಬಾಗಿಲು ಎಳೆದುಕೊಂಡಿದ್ದಳು.

ನೋಡೋಣಪ್ಪನಿಗೂ ಒಂದು ಆಸೆಯಿತ್ತು. ಅದು ಯುದ್ಧದ್ದು. ಕನ್ನಡಕದ ಅಂಗಡಿಯವನು ಅವನ ಹಳೆಯ ಸ್ನೇಹಿತ. ಪ್ರತಿ ಭಾನುವಾರ ಅಂಗಡಿಯ ಹಿಂದಿನ ಕೋಣೆಯ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಇಬ್ಬರೂ ಎರಡು ಸಾವಿರ ವರ್ಷದ ಹಿಂದಿನ ಸಮುದ್ರಯುದ್ಧಗಳನ್ನು ಆಡುತ್ತಿದ್ದರು. ಆ ಕಾಲದ ಯುದ್ಧದ ಹಡಗುಗಳು ಹಾಯಿ ಇಳಿಸಿ, ಹುಟ್ಟು ಹಾಕಿಕೊಂಡೇ ನುಗ್ಗಿ ಬಂದು ಮೂತಿಯಿಂದ ಇನ್ನೊಂದು ಹಡಗಿನ ಪಕ್ಕೆಗೆ ಗುದ್ದುತ್ತಿದ್ದವು. ಇವರ ಹಡಗುಗಳು ಕಾಗದದ ಚೂರುಗಳು. ಯಾರಾದರೂ ಮರೆತು ಫ್ಯಾನು ಹಾಕಿದರೆ ಎರಡೂ ಸೈನ್ಯ ಒಟ್ಟಿಗೆ ಮೇಜಿನಿಂದ ಹಾರಿ ಬೀರುವಿನ ಅಡಿಗೆ ಸೇರುತ್ತಿದ್ದವು. ಗೆದ್ದದ್ದು ಯಾರು ಎಂದು ಫ್ಯಾನನ್ನೇ ಕೇಳಬೇಕಿತ್ತು. ಇದು ವೀರರಿಗೆ ತಕ್ಕದ್ದಲ್ಲ ಎಂದು ಇಬ್ಬರಿಗೂ ಒಂದು ದಿನ ಅನ್ನಿಸಿತು. ಹೊರದೇಶದಿಂದ ತವರದಲ್ಲಿ ಎರಕ ಹೊಯ್ದ ಪುಟಾಣಿ ಹಡಗುಗಳನ್ನು ತರಿಸುವುದೆಂದು ತೀರ್ಮಾನವಾಯಿತು.

ತೀರ್ಮಾನವಾದ ಕೂಡಲೇ ಸ್ನೇಹ ಕೆಟ್ಟಿತು. ಜಗಳ ಅಳತೆಯದು. ಕನ್ನಡಕದವನಿಗೆ ಸಾವಿರದ ಇನ್ನೂರಕ್ಕೆ ಒಂದರ ಅಳತೆಯೇ ಆಗಬೇಕು. ಅಂದರೆ ನಿಜವಾದ ಹಡಗಿನ ಸಾವಿರದ ಇನ್ನೂರರಲ್ಲಿ ಒಂದು ಪಾಲು, ಬೆರಳಿನ ಒಂದು ಗೆಣ್ಣಿನಷ್ಟು. ಮೇಜಿನ ತುಂಬ ಹಡಗು ಹಿಡಿಸುತ್ತವೆ, ಸಮುದ್ರ ಸಮುದ್ರದ ಹಾಗೆ ಕಾಣುತ್ತದೆ ಎಂಬುದು ಅವನ ವಾದ. ಅವನಿಗೇನು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಹುಟ್ಟಿದವನು. ನೋಡೋಣಪ್ಪನಿಗೆ ಮುನ್ನೂರಕ್ಕೆ ಒಂದು ಬೇಕಿತ್ತು. ಅಂಗೈಯಗಲದ ಹಡಗು, ಮೂರು ಸಾಲು ಹುಟ್ಟು, ಒಂದೊಂದೂ ಬಿಡಿಬಿಡಿಯಾಗಿ ಎಣಿಸುವ ಹಾಗೆ. ಅಂಥವು ಮೇಜಿನ ಮೇಲೆ ನಾಲ್ಕು ಹಿಡಿಸಿದರೆ ಹೆಚ್ಚು, ಅದು ಯುದ್ಧವಲ್ಲ, ಬಸ್‌ಸ್ಟಾಂಡಿನ ಜಗಳ ಎಂದು ಕನ್ನಡಕದವನು ನಕ್ಕ. ಕೊನೆಗೆ ಆರುನೂರಕ್ಕೆ ಒಂದು ಎಂಬ ಸಂಧಾನದ ಮಾತು ಬಂತು. ಜೀವನದಲ್ಲಿ ಯಾವುದಕ್ಕೂ ಖಡಾಖಂಡಿತ ಉತ್ತರ ಕೊಡದವನು ಇದೊಂದು ವಿಷಯದಲ್ಲಿ ಬೆಂಕಿಯಂತೆ ಉರಿಯುತ್ತಿದ್ದ. ಮನೆಯೊಳಗೆ ಹೆಂಡತಿ ಇರುತ್ತಾಳೆಂದು ಹೊರಗೆ ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ವಾದ ಮಾಡುತ್ತಿದ್ದ.

ಇಲ್ಲಿ ಎದುರುಮನೆಯ ನರ್ಸಮ್ಮನವರನ್ನು ಪರಿಚಯಿಸಬೇಕು. ಜೀವಮಾನವಿಡೀ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಭಾಷೆಯಲ್ಲಿ ದೋಣಿ ನಡೆಸುವ ಕೋಲಿಗೂ ಹುಟ್ಟು ಅನ್ನುತ್ತಾರೆ, ಮನುಷ್ಯ ಭೂಮಿಗೆ ಬರುವುದಕ್ಕೂ ಹುಟ್ಟು ಅನ್ನುತ್ತಾರೆ. ಇದರಲ್ಲಿ ಭಾಷೆಯ ತಪ್ಪಿಲ್ಲ. ನರ್ಸಮ್ಮನವರ ತಪ್ಪೂ ಇಲ್ಲ; ಅವರು ಜನ್ಮದಲ್ಲಿ ದೋಣಿ ಹತ್ತಿದವರಲ್ಲ. ಆ ದಿನ ಅವರು ಮೆಟ್ಟಿಲ ಕಟಾಂಜನಕ್ಕೆ ಒದ್ದೆ ಬಟ್ಟೆ ಹರವುತ್ತಿದ್ದಾಗ ಕೇಳಿಸಿದ್ದು ಇಷ್ಟು:

"ಆರುನೂರಕ್ಕೆ ಒಂದು ಅಂತಲೇ ಇರ್ಲಿ ಕಣಯ್ಯ, ಕಾಯೋಣ. ಆದ್ರೆ ಹುಟ್ಟು ಸ್ಪಷ್ಟವಾಗಿರ್ಬೇಕು. ಹುಟ್ಟೇ ಸ್ಪಷ್ಟ ಇಲ್ಲದ್ದನ್ನ ಮನೆಗೆ ತಂದು ಏನು ಮಾಡ್ಲಿ? ಬಣ್ಣ ಹೇಗಾದ್ರೂ ಇರ್ಲಿ, ಬಣ್ಣಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಬಂದ ಮೇಲೆ ಮನೆಯವಳಿಗೆ ಹೇಳ್ತೀನಿ. ಈಗಲೇ ಹೇಳಿದ್ರೆ ಸುಮ್ನೆ ರಾದ್ಧಾಂತ."

ನರ್ಸಮ್ಮನವರ ಕೈಯಿಂದ ಒದ್ದೆ ಟವೆಲ್ಲು ಜಾರಿ ಕೆಳಗಿನ ಮನೆಯವರ ಸೈಕಲ್ಲಿನ ಮೇಲೆ ಬಿತ್ತು. ಮಗುವಿಗಾಗಿ ಕಾದವರಲ್ಲಿ ಆರುನೂರು ಜನಕ್ಕೆ ಒಬ್ಬರಿಗೆ ಸಿಗುತ್ತದೆ, ಆದರೂ ಕಾಯುತ್ತೇನೆ ಎನ್ನುತ್ತಿದ್ದಾನೆ. ಬಣ್ಣ ನೋಡುವುದಿಲ್ಲ ಎನ್ನುತ್ತಿದ್ದಾನೆ. ವಾರ್ಡಿನಲ್ಲಿ ಹೆಂಡತಿ ಹೆತ್ತ ಮಗುವಿನ ಬಣ್ಣ ನೋಡಿ ಮುಖ ತಿರುಗಿಸಿದ ಎಷ್ಟು ಗಂಡಸರನ್ನು ಅವರು ಕಂಡಿರಲಿಲ್ಲ? ಈ ಸಪ್ಪೆ ಮನುಷ್ಯನ ಎದೆಯಲ್ಲಿ ಇಂಥ ಬಂಗಾರ ಇದೆಯೆಂದು ಇಷ್ಟು ದಿನ ತಿಳಿಯಲಿಲ್ಲವಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು. ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದರು. ಆ ನಿಶ್ಚಯದಲ್ಲೇ ನೇರವಾಗಿ ಒಳಗೆ ಹೋಗಿ ಅವನ ಹೆಂಡತಿಗೆ ಹೇಳಿದರು.

ಆ ದಿನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯ ಮೇಲಿಂದ ಕಣ್ಣೆತ್ತದೆ, ಏನೋ ತರಿಸುತ್ತಿದ್ದೀರಂತೆ ಎಂದಳು. ನೋಡೋಣಪ್ಪ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಯಾರು ಹೇಳಿದರು ಎಂದ. ಯಾರೋ, ನಿಜವೋ ಸುಳ್ಳೋ ಅಷ್ಟು ಹೇಳಿ ಎಂದಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಿಜ ಎಂದ. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿಕೊಂಡ. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ನನಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ನಿನಗೆ ಇಷ್ಟ ಆಗುತ್ತೋ ಇಲ್ವೋ ಅಂತ."

"ನನಗೆ ಇಷ್ಟ ಆಗಲ್ವಾ?" ಎಂದು ಅವಳು ಎಡಗೈಯಲ್ಲಿ ಅವನ ಮೊಣಕೈ ಹಿಡಿದುಕೊಂಡಳು. ಎಷ್ಟೋ ವರ್ಷದಿಂದ ಅವಳು ಹಾಗೆ ಮುಟ್ಟಿರಲಿಲ್ಲ. ಪ್ರಾಚೀನ ನೌಕಾಯುದ್ಧದಲ್ಲಿ ಅವಳಿಗೆ ಇಷ್ಟೊಂದು ಆಸಕ್ತಿ ಇರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತುಂಬ ದೊಡ್ಡದೇ ಎಂದು ಅವಳು ಕೇಳಿದಳು. ಇಲ್ಲ, ಚಿಕ್ಕದೇ, ದೊಡ್ಡದನ್ನು ನಿಭಾಯಿಸುವುದು ಕಷ್ಟ ಎಂದ. ಒಂದೇನಾ ಎಂದಳು. ಒಂದೇ ತಂದರೆ ಏನು ಚೆಂದ, ಜೊತೆಗೆ ಬೇಡವೇ ಎಂದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲಿಡೋದು ಎಂಬ ಪ್ರಶ್ನೆ ಬಂದಾಗ ಇಬ್ಬರೂ ಒಂದೇ ಸಲಕ್ಕೆ ಆ ಸಣ್ಣ ಕೋಣೆ ಎಂದರು. ಮದುವೆಯಾದಾಗಿನಿಂದ ಗಂಡಹೆಂಡಿರು ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು, ಮತ್ತು ಕೊನೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಲೋಕದಲ್ಲಿ ಯಾವಾಗ ಬರ? ವಾರ ತುಂಬುವುದರೊಳಗೆ ಕಟ್ಟಡದವರೆಲ್ಲ ಕಟ್ಟಲು ನಿಂತರು. ಮೇಲಿನ ಮನೆಯವರು ತೊಟ್ಟಿಲು ಕೊಡುತ್ತೇವೆಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಸ್ವತಃ ನರ್ಸಮ್ಮನವರೇ ಹೇಳಿ, ಕೂತು ಎರಡು ಕುಲಾವಿ ಹೆಣೆದರು. ನೋಡೋಣಪ್ಪ ಮೆಟ್ಟಿಲು ಇಳಿಯುವಾಗ ಜನ ದಾರಿ ಬಿಟ್ಟುಕೊಡುತ್ತಿದ್ದರು. ಹೆಂಡತಿ ಸಣ್ಣ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿದ ಮೇಲೆ ಬಣ್ಣ ಯಾವುದಿರಲಿ ಎಂದು ಕೇಳಿದಾಗ ಅವನು ನೀಲಿ ಎಂದ. ಅಲೆಗಳಿದ್ದರೆ ಇನ್ನೂ ಒಳ್ಳೆಯದು ಎಂದ. ಅವಳು ಕುರ್ಚಿ ಹತ್ತಿ ತಾನೇ ಅಲೆಗಳನ್ನು ಬರೆದಳು. ಒಂದು ಮೀನನ್ನೂ ಬರೆದಳು. ಯುದ್ಧದಲ್ಲಿ ಮೀನಿಗೆ ಕೆಲಸವಿಲ್ಲದಿದ್ದರೂ ಇರಲಿ ಎಂದು ಅವನು ಸುಮ್ಮನಾದ.

ಕಚೇರಿಯಲ್ಲಿ ಮೇಲಧಿಕಾರಿ ಕೋಣೆಗೆ ಕರೆಸಿ ಕುರ್ಚಿ ತೋರಿಸಿದರು. ದೂರು ವಿಭಾಗದವರಿಗೆ ಆ ಕೋಣೆಯಲ್ಲಿ ಕುರ್ಚಿ ತೋರಿಸಿದ್ದು ಇತಿಹಾಸದಲ್ಲಿಲ್ಲ. ಈ ವಯಸ್ಸಿನಲ್ಲಿ ಇಂಥದ್ದಕ್ಕೆ ಮನಸ್ಸು ಮಾಡುವುದು ದೊಡ್ಡ ವಿಷಯ ಎಂದರು. ಚಿಕ್ಕಂದಿನಿಂದಲೂ ಆಸೆ ಸಾರ್ ಎಂದ ನೋಡೋಣಪ್ಪ. ಮನೆಯವರು ಒಪ್ಪಿದರೇ ಎಂದರು. ನನಗಿಂತ ಅವಳದ್ದೇ ಉತ್ಸಾಹ ಎಂದ. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಬಂದ ಹೊಸದರಲ್ಲಿ ನೀವೂ ಮನೆಯಲ್ಲಿರಬೇಕಾಗುತ್ತದೆ, ರಜೆಗೆ ಯೋಚಿಸಬೇಡಿ ಎಂದರು. ತನ್ನ ಇಲಾಖೆಯಲ್ಲಿ ಇಷ್ಟೊಂದು ಜನ ಯುದ್ಧಪ್ರಿಯರು ಇದ್ದೂ ತಾನು ಇಷ್ಟು ವರ್ಷ ಒಂಟಿಯಾಗಿದ್ದೆನಲ್ಲ ಎಂದು ಅವನಿಗೆ ವ್ಯಥೆಯಾಯಿತು.

ಸಂತೋಷ ಎಲ್ಲರಿಗೂ ಆಗಬೇಕೆಂದೇನೂ ಇಲ್ಲ. ಹೆಂಡತಿಯ ತಮ್ಮ, ಮೂರು ಮಕ್ಕಳ ತಂದೆ, ಭಾವನಿಗೆ ಬುದ್ಧಿ ಹೇಳಲು ಬಂದ. ಎಲ್ಲಿಯದೋ ಏನೋ, ಹಿಂದುಮುಂದು ಗೊತ್ತಿಲ್ಲದ್ದನ್ನು ಮನೆಗೆ ತರಬಾರದು ಎಂಬುದು ಅವನ ವಾದ.

"ಎಲ್ಲಾ ಗೊತ್ತಿದೆ ಕಣಯ್ಯ," ಎಂದ ನೋಡೋಣಪ್ಪ, "ಎಲ್ಲಾ ತವರದ್ದೇ."

ಬಾಮೈದ ಮಾತು ನಿಲ್ಲಿಸಿದ. ತವರ ಎಂದರೆ ಲೋಹ, ತವರು ಎಂದರೆ ಹೆಣ್ಣಿನ ಹುಟ್ಟಿದ ಮನೆ. ಎರಡೂ ಬಾಯಿಂದ ಬರುವಾಗ ಒಂದೇ ಬಾಗಿಲಲ್ಲಿ ಬರುತ್ತವೆ. ಅಕ್ಕನ ತವರು ಎಂದರೆ ತನ್ನ ಮನೆ. ತನ್ನ ಮನೆಯಲ್ಲಿರುವುದು ತನ್ನ ಮಕ್ಕಳು.

"ತವರದ್ದು ಅಂದ್ರೆ? ಯಾರನ್ನ ಕೇಳಿದ್ರಿ ಭಾವ?"

"ಕೇಳೋದೇನು, ಆರಿಸಿ ಆಗಿದೆ. ತವರದ್ದಾದ್ರೆ ಬಾಳಿಕೆ ಜಾಸ್ತಿ. ಬಿದ್ರೂ ಬಗ್ಗುತ್ತೆ, ಮುರಿಯಲ್ಲ."

ಬಾಮೈದ ಕುಡಿಯುತ್ತಿದ್ದ ಚಹಾವನ್ನು ಅಲ್ಲೇ ಇಟ್ಟು, ಅಕ್ಕನಿಗೂ ಹೇಳದೆ ಎದ್ದು ಹೋದ. ಆಮೇಲೆ ಅವನ ಮಕ್ಕಳು ಅತ್ತೆಯ ಮನೆಯ ಕಡೆ ತಲೆ ಹಾಕಲಿಲ್ಲ. ಅವನ ಹೆಂಡತಿ ಫೋನು ಮಾಡಿ, ಕೊನೆಯವನಿಗೆ ಆಸ್ತಮಾ ಇದೆ, ಹಿರಿಯವನು ಕದಿಯುತ್ತಾನೆ, ನಡುವಿನವಳು ರಚ್ಚೆ ಹಿಡಿಯುತ್ತಾಳೆ ಎಂದು ತನ್ನ ಮಕ್ಕಳನ್ನು ತಾನೇ ಒಬ್ಬೊಬ್ಬರಾಗಿ ದೂರಿ ಫೋನು ಇಟ್ಟಳು. ತಮ್ಮನ ಮನೆಯವರಿಗೆ ಹೊಟ್ಟೆಕಿಚ್ಚು ಎಂದು ಹೆಂಡತಿ ಅರ್ಥ ಮಾಡಿಕೊಂಡಳು. ಅವಳಿಗೆ ಆಗ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಪುರಸೊತ್ತಿರಲಿಲ್ಲ.

ಅರ್ಜಿ ಎಲ್ಲಿಗೆ ಬಂತು ಎಂದು ಅವಳು ಗಂಡನನ್ನು ಕೇಳಿದಳು. ಕನ್ನಡಕದವನು ಎಲ್ಲಾ ನೋಡಿಕೊಳ್ಳುತ್ತಾನೆ ಎಂದ. ಗಂಡನ ಬಾಯಿಂದ ಹೊರಟದ್ದು ಕಾಲಿಗೆ ತಲುಪುವಷ್ಟರಲ್ಲಿ ವರ್ಷಗಳಾಗುತ್ತವೆಂದು ಬಲ್ಲವಳು ಅವಳು. ಮಕ್ಕಳ ರಕ್ಷಣೆಯ ಕಚೇರಿಗೆ ತಾನೇ ಹೋಗಿ ವಿಚಾರಿಸಿದಳು. ಇವರ ಹೆಸರಿನಲ್ಲಿ ಅಲ್ಲಿ ಏನೂ ಇರಲಿಲ್ಲ. ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ತಾನೇ ಅರ್ಜಿ ತುಂಬಿ ತಂದು, ಇಲ್ಲಿ ಸಹಿ ಹಾಕಿ ಎಂದಳು. ನೋಡೋಣಪ್ಪ ಸಹಿ ಹಾಕಿದ. ಓದಿ ಸಹಿ ಹಾಕುವುದು ಅವನ ಇಲಾಖೆಯ ಸಂಪ್ರದಾಯವಾಗಿರಲಿಲ್ಲ.

ಅತ್ತ ಹಡಗುಗಳು ನಿಜವಾದ ಹಡಗಿನಲ್ಲಿ ಹೊರಟು ಬಂದು ಸುಂಕದ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಸುಂಕದವರು ಏನಾದರೂ ವಿಚಾರಣೆಗೆ ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳು, ಮಾರುವುದಕ್ಕಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳು ಎಂದು ಕನ್ನಡಕದವನು ಫೋನಿನಲ್ಲಿ ಎಚ್ಚರಿಸಿದ. ಅದೇ ಹೊತ್ತಿಗೆ ಹೆಂಡತಿ ಬಂದು, ಕಚೇರಿಯಿಂದ ಒಬ್ಬರು ಮೇಡಂ ಬರುತ್ತಾರೆ, ಮನೆ ನೋಡಿ ನಾಲ್ಕು ಪ್ರಶ್ನೆ ಕೇಳುತ್ತಾರೆ, ಸರಿಯಾಗಿ ಉತ್ತರ ಕೊಡಿ ಎಂದಳು. ಸುಂಕದವರು ಹೆಂಡತಿಗೂ ಫೋನು ಮಾಡಿದ್ದಾರೆಂದರೆ ವಿಷಯ ಗಂಭೀರವೇ ಇರಬೇಕೆಂದು ಅವನು ಇಸ್ತ್ರಿ ಮಾಡಿದ ಶರ್ಟು ತೆಗೆದಿಟ್ಟ.

ಮೇಡಂ ಬಂದರು. ನಡುವಯಸ್ಸಿನವರು, ಮೃದುವಾಗಿ ಮಾತಾಡುವವರು. ನೀಲಿ ಕೋಣೆಯನ್ನು ನೋಡಿ, ಗೋಡೆಯ ಮೇಲಿನ ಮೀನನ್ನು ನೋಡಿ ಅವರ ಮುಖ ಅರಳಿತು. ಗಂಡಹೆಂಡಿರನ್ನು ಬೇರೆ ಬೇರೆಯಾಗಿ ಮಾತಾಡಿಸಬೇಕೆಂಬುದು ನಿಯಮ ಎಂದು ಹೇಳಿದಾಗ ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ಹೋಗುವಾಗ ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಅವಳ ಇಷ್ಟು ವರ್ಷಗಳೆಲ್ಲ ಇದ್ದವು. ಅವನು ಶರ್ಟಿನ ಕಾಲರು ಸರಿ ಮಾಡಿಕೊಂಡ.

ನಿಮಗೆ ಯಾಕೆ ಬೇಕು ಅನ್ನಿಸಿತು ಎಂದು ಮೇಡಂ ಶುರು ಮಾಡಿದರು. ಹೊತ್ತು ಹೋಗಬೇಕಲ್ಲ ಮೇಡಂ ಎಂದ. ಮೇಡಂ ನಕ್ಕು, ಕೆಲವರು ಹಾಗೆ ಸರಳವಾಗಿ ಹೇಳುತ್ತಾರೆ ಎಂದು ಬರೆದುಕೊಂಡರು.

"ಒಂದು ಮಾತು ಮೊದಲೇ ಹೇಳ್ಬಿಡ್ತೀನಿ," ಎಂದ ನೋಡೋಣಪ್ಪ. "ಮಾರೋಕೆ ಅಲ್ಲ ಮೇಡಂ, ಖಂಡಿತಾ. ಸ್ವಂತಕ್ಕೆ. ಮುಂದೆ ಬೇಜಾರಾದ್ರೆ ಯಾರಾದ್ರೂ ಸ್ನೇಹಿತರಿಗೆ ಕೊಡ್ಬಹುದು, ಅದು ಬೇರೆ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಮನೆಗೆ ಬಂದ ಮೇಲೆ ದಿನಾ ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ದಿನಾ ಏನಿಲ್ಲ, ಭಾನುವಾರ ಹೊರಗೆ ತೆಗೆಯುತ್ತೇವೆ, ಮಿಕ್ಕ ದಿನ ಹತ್ತಿ ಸುತ್ತಿ ಡಬ್ಬಿಯಲ್ಲಿ ಇಡುವುದು, ಧೂಳು ಕೂರಬಾರದು ನೋಡಿ ಎಂದ. ಪೆಟ್ಟುಗಿಟ್ಟು ಆಗದಂತೆ ಎಚ್ಚರಿಕೆ ವಹಿಸುತ್ತೀರಾ ಎಂದು ಮೇಡಂ ಕೇಳುವಾಗ ಅವರ ದನಿ ಬದಲಾಗಿತ್ತು. ನೋಡೋಣಪ್ಪನಿಗೆ ಅದು ಆಸಕ್ತಿಯ ಹಾಗೆ ಕೇಳಿಸಿತು. ತನಗೆ ಪ್ರಿಯವಾದ ವಿಷಯದ ಬಗ್ಗೆ ಒಬ್ಬ ಅಧಿಕಾರಿ ಇಷ್ಟು ಕಳಕಳಿಯಿಂದ ಕೇಳುವುದೆಂದರೆ ಸಾಮಾನ್ಯವೇ? ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಕಾದಾಟ ಅಂದ್ಮೇಲೆ ಪೆಟ್ಟು ಇಲ್ದೆ ಇರುತ್ತಾ ಮೇಡಂ? ಒಂದನ್ನ ಇನ್ನೊಂದರ ಪಕ್ಕೆಗೆ ಗುದ್ದಿಸ್ತೀವಿ. ಅದೇ ಮಜಾ. ಮುಳುಗಿದ್ದನ್ನ ಪಕ್ಕಕ್ಕೆ ಇಡ್ತೀವಿ. ಏನಾದ್ರೂ ಕಿತ್ತುಹೋದ್ರೆ ಅಂಟು ಹಾಕಿದ್ರಾಯ್ತು."

ಮೇಡಂ ಎದ್ದು ನಿಂತರು. ಆಗ ಸರಿಯಾಗಿ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದಳು. ಮೇಡಂ ಅವಳ ಕಡೆ ತಿರುಗಿ, ಅಮ್ಮಾ, ನಿಮ್ಮ ಯಜಮಾನರು ಮಗುವಿನ ಬಗ್ಗೆ ಏನು ಹೇಳುತ್ತಿದ್ದಾರೆಂದು ನಿಮಗೆ ಗೊತ್ತಿದೆಯೇ ಎಂದು ಕೇಳಿದರು.

"ಯಾವ ಮಗು?" ಎಂದ ನೋಡೋಣಪ್ಪ.

ತಟ್ಟೆ ಬೀಳಲಿಲ್ಲ. ಬಿದ್ದಿದ್ದರೆ ಎಲ್ಲರೂ ಬಗ್ಗಿ ಚೂರು ಆಯಬಹುದಿತ್ತು, ಆ ಗದ್ದಲದಲ್ಲಿ ಸ್ವಲ್ಪ ಹೊತ್ತು ಕಳೆಯಬಹುದಿತ್ತು. ಅವಳು ತಟ್ಟೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು. ಮೇಡಂಗೆ ಒಂದು ಲೋಟ ಕೊಟ್ಟಳು. ಮೇಡಂ ಕುಡಿಯಲಿಲ್ಲ.

ಸುದ್ದಿ ಮೆಟ್ಟಿಲು ಹತ್ತಲು ಹಿಡಿದಷ್ಟು ಹೊತ್ತೂ ಇಳಿಯಲು ಹಿಡಿಯಲಿಲ್ಲ. ಮೇಲಿನ ಮನೆಯವರು ತೊಟ್ಟಿಲು ತಮ್ಮ ನೆಂಟರಿಗೆ ಬೇಕಾಗಿದೆಯೆಂದು ಹೇಳಿ ಕಳಿಸಿದರು. ಬಾಮೈದ ಮೂರು ಮಕ್ಕಳನ್ನೂ ಕರೆದುಕೊಂಡು ಬಂದು ಧಾರಾಳವಾಗಿ ಕೂತು ಹೋದ. ನರ್ಸಮ್ಮನವರು ಮಾತ್ರ ಹೊರಗೆ ಬರಲಿಲ್ಲ. ಆಮೇಲೆ ಸಿಕ್ಕವರ ಹತ್ತಿರ, ನಾನು ಹಾಗಂತ ಹೇಳಲೇ ಇಲ್ಲ, ಪಾಪ ಆ ಹೆಂಗಸಿಗೆ ಆಸೆ ಜಾಸ್ತಿ, ಏನು ಕೇಳಿದರೂ ಅದೇ ಕೇಳಿಸುತ್ತದೆ ಎಂದರು. ಎಲ್ಲರೂ ಹೌದು ಪಾಪ ಎಂದರು. ಪಾಪ ಅನ್ನುವುದಕ್ಕೆ ಖರ್ಚಿಲ್ಲ ನೋಡಿ.

ಹಡಗುಗಳು ಬಂದದ್ದು ಆಗಲೇ. ನೋಡೋಣಪ್ಪ ಪೆಟ್ಟಿಗೆಯನ್ನು ನೀಲಿ ಕೋಣೆಗೇ ತೆಗೆದುಕೊಂಡು ಹೋಗಿ ಬಿಚ್ಚಿದ. ಇನ್ನೆಲ್ಲಿ ಬಿಚ್ಚಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಹತ್ತಿ ಸರಿಸಿದರೆ ಒಳಗಿದ್ದದ್ದು ಬೆರಳಿನ ಗೆಣ್ಣಿನಷ್ಟು ಸಾಮಾನು. ಕನ್ನಡಕದವನು ಸಂಧಾನದ ಮಾತು ಮುರಿದು, ತನಗೆ ಬೇಕಾದ ಸಾವಿರದ ಇನ್ನೂರಕ್ಕೆ ಒಂದರ ಅಳತೆಯನ್ನೇ ತರಿಸಿದ್ದ. ಮೂರು ಸಾಲು ಇರಬೇಕಾದ ಕಡೆ ಒಂದು ಗೀರು. ದ್ರೋಹವೆಂದರೆ ಇದು. ನೋಡೋಣಪ್ಪನಿಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು. ದುಃಖ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಹೆಂಡತಿ ಇದ್ದಳು. ಅಡುಗೆಮನೆಗೆ ಹೋಗಿ ಅಂಗೈ ಚಾಚಿದ.

"ನೋಡು, ಹೇಗೆ ಮೋಸ ಮಾಡಿದ್ದಾನೆ. ಹುಟ್ಟೇ ಇಲ್ಲ."

ಅವಳು ಅಂಗೈಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಹೌದು," ಎಂದಳು, "ಹುಟ್ಟೇ ಇಲ್ಲ."

ತನ್ನ ನೋವು ಅವಳಿಗಾದರೂ ಅರ್ಥವಾಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು. ಅವಳು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಬೈಯಲಿಲ್ಲ. ತಪ್ಪು ಯಾರದೆಂದು ಕೇಳಲೂ ಇಲ್ಲ. ಆದದ್ದು ಆಯಿತು, ಆ ಮೇಡಂ ಕೆಟ್ಟವರಲ್ಲ, ಇಬ್ಬರೂ ಕಚೇರಿಗೆ ಹೋಗಿ ನಡೆದದ್ದನ್ನು ಹೇಳೋಣ, ಹೇಗಿದ್ದರೂ ಕೋಣೆ ತಯಾರಾಗಿದೆ ಎಂದಳು. ಅಲ್ಲಿ ಅವರು ಕೇಳಿದಾಗ ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ, ಅಷ್ಟು ಸಾಕು ಎಂದಳು. ಅವಳ ಮುಖದಲ್ಲಿ ಇನ್ನೂ ಆಸೆ ಇತ್ತು. ಅದನ್ನು ನೋಡಿಯೂ ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ ತಲೆಯಾಡಿಸುವುದು ಕೂಡ ದೂರು ವಿಭಾಗದಲ್ಲಿ ಕಲಿತ ವಿದ್ಯೆಯೇ.

ಮೇಡಂ ಕತೆಯನ್ನೆಲ್ಲ ಕೇಳಿದರು. ಸುಂಕ, ಆರುನೂರಕ್ಕೆ ಒಂದು, ತವರ, ಅಂಟು ಎಲ್ಲವೂ ಬಿಚ್ಚಿಕೊಂಡ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮೇಜಿನವರನ್ನೂ ಕರೆದು ಹೇಳಿದರು, ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೋಡೋಣಪ್ಪನೂ ನಕ್ಕ. ಹೆಂಡತಿಯ ತುಟಿಯ ಕೊನೆಯಲ್ಲೂ ಒಂದು ಚೂರು ನಗು ಕಾಣಿಸಿತು. ಮೇಡಂ ಕಣ್ಣು ಒರೆಸಿಕೊಂಡು, ನಾನು ಬರೆದದ್ದನ್ನು ಹರಿದು ಹಾಕುತ್ತೇನೆ, ಹೊಸದಾಗಿ ಬರೆಯೋಣ ಎಂದರು.

"ಈಗ ಹೇಳಿ. ಹಡಗಲ್ಲ, ಮಗು. ನಿಮಗೆ ಬೇಕಾ?"

ಇಂಥ ಪ್ರಶ್ನೆಯನ್ನು ಯಾರೂ ಅವನಿಗೆ ಹೀಗೆ ನೇರವಾಗಿ, ಕಾಗದ ಮುಂದಿಟ್ಟುಕೊಂಡು ಕೇಳಿರಲಿಲ್ಲ. ಅಡ್ಡ ನಿಲ್ಲಲು ಒಂದು ತಪ್ಪುಗ್ರಹಿಕೆಯೂ ಉಳಿದಿರಲಿಲ್ಲ. ಅವಳಿಗೆ ಬೇಕು ಮೇಡಂ ಎಂದ. ಅವರದ್ದು ಗೊತ್ತು, ನಾನು ಕೇಳಿದ್ದು ನಿಮ್ಮನ್ನು ಎಂದರು ಮೇಡಂ. ಅವನು ಫ್ಯಾನು ನೋಡಿದ, ಬಾಗಿಲು ನೋಡಿದ. ಮನೆ ಚಿಕ್ಕದು ಎಂದ. ವಯಸ್ಸು ಆಗುತ್ತ ಬಂತು ಎಂದ. ಈಗಿನ ಕಾಲ ಹೇಗಿದೆಯೆಂದು ನಿಮಗೇ ಗೊತ್ತಲ್ಲ ಎಂದ. ಹೆಂಡತಿ ಅವನನ್ನು ನೋಡುತ್ತಿದ್ದಳು. ಅವನು ಅವಳೊಬ್ಬಳನ್ನು ಬಿಟ್ಟು ಆ ಕೋಣೆಯಲ್ಲಿದ್ದ ಎಲ್ಲವನ್ನೂ ನೋಡಿದ.

ಪಕ್ಕದ ಮೇಜಿನವರು ತಮ್ಮ ಕೆಲಸಕ್ಕೆ ತಿರುಗಿಕೊಂಡರು.

"ಮೇಡಂ," ಎಂದಳು ಹೆಂಡತಿ, "ಹೆಂಗಸು ಒಬ್ಬಳೇ ಅರ್ಜಿ ಹಾಕ್ಬಹುದಾ?"

ಮೇಡಂ ಪೆನ್ನು ಕೆಳಗಿಟ್ಟರು. ಹಾಕಬಹುದು ಎಂದರು. ಆದರೆ ಅವಳು ನಿಜವಾಗಿ ಒಬ್ಬಳೇ ಇರಬೇಕು, ಗಂಡನಿಂದ ಕಾನೂನಿನ ಪ್ರಕಾರ ಬೇರೆಯಾಗಿರಬೇಕು, ಅದಕ್ಕೆಲ್ಲ ಕಾಲ ಹಿಡಿಯುತ್ತದೆ ಎಂದರು. ಹಿಡಿಯಲಿ, ಕಾಯುವುದು ನನಗೆ ಅಭ್ಯಾಸವಾಗಿದೆ ಎಂದಳು. ಅದರ ಅರ್ಜಿ ಬೇರೆ ಇದ್ದರೆ ಕೊಟ್ಟಿರಿ, ಗೊತ್ತಿರುವಷ್ಟನ್ನು ಈಗಲೇ ತುಂಬಿಟ್ಟುಕೊಳ್ಳುತ್ತೇನೆ ಎಂದಳು. ಮೇಡಂ ಕಪಾಟಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಅವಳು ಚೀಲದಲ್ಲಿ ಕೈಯಾಡಿಸಿ ಪೆನ್ನು ಹುಡುಕತೊಡಗಿದಳು. ಸಿಗಲಿಲ್ಲ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಪ್ರಶ್ನೆ ತನ್ನನ್ನು ಬಿಟ್ಟು ಅತ್ತ ಹೋಯಿತಲ್ಲ ಎಂದು ನೋಡೋಣಪ್ಪನಿಗೆ ಎದೆ ಹಗುರಾಗಿತ್ತು. ಅವನು ತನ್ನ ಜೇಬಿನಿಂದ ಪೆನ್ನು ತೆಗೆದ. ಮುಚ್ಚಳ ಬಿಚ್ಚಿ, ಅಂಗೈಯ ಮೇಲೆ ಒಂದು ಗೆರೆ ಎಳೆದು ಪರೀಕ್ಷಿಸಿದ. ಆಮೇಲೆ ಅದನ್ನು ಹೆಂಡತಿಯ ಕೈಗೆ ಕೊಟ್ಟು, "ತಗೋ, ಚೆನ್ನಾಗಿ ಬರೆಯುತ್ತೆ," ಎಂದ.